ತೆರೆದ ಗಾಳಿಯಲ್ಲಿ ಆವಿಯಾಗುವಿಕೆ: ಒತ್ತಡದ ಪಾಲು, ಗಾಳಿಯ ಪಾಲು

ದ್ರವದ ಮೇಲ್ಮೈಯಿಂದ ಚುರುಕಾದ ಅಣುಗಳು ಸದಾ ಕಳಚಿಕೊಳ್ಳುತ್ತಿರುತ್ತವೆ. ಅದಕ್ಕೆ ಕುದಿಯುವ ಹಂಗಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಹೊರಟಷ್ಟೇ ಅಣುಗಳು ಮರಳಿ ಸೇರತೊಡಗಿದಾಗ ಆವಿ ಬೀರುವ ಒತ್ತಡವೇ ಆವಿಯೊತ್ತಡ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ನೀರಿಗೆ 17.5 ಮಿ.ಮೀ. ಪಾದರಸ, ಈಥೈಲ್ ಆಲ್ಕೊಹಾಲಿಗೆ ಸುಮಾರು 44, ಅಸಿಟೋನಿಗೆ 185, ಈಥರಿಗೆ 440. ಯಾವುದು ಬೇಗ ಆರುತ್ತದೆಂದು ಈ ಅಂಕಿಗಳಿಂದ ಹೇಳಬಹುದು. ಎಷ್ಟು ಬೇಗ ಎಂಬುದನ್ನು ಹೇಳಲಾಗದು.

ಆ ಲೆಕ್ಕಕ್ಕೆ ಗಾಳಿಯನ್ನು ಸೇರಿಸಿದವರು ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್. 1802ರ ಅವರ ಪ್ರಬಂಧದ ಪ್ರಕಾರ ಆವಿಯಾಗುವ ವೇಗ ದ್ರವದ ಆವಿಯೊತ್ತಡಕ್ಕೂ ಗಾಳಿಯಲ್ಲಿ ಅದಾಗಲೇ ಇರುವ ಆವಿಯ ಒತ್ತಡಕ್ಕೂ ಇರುವ ಅಂತರವನ್ನು ಅನುಸರಿಸುತ್ತದೆ. ಬೀಸುಗಾಳಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜುಲೈಯಲ್ಲಿ ಮಂಗಳೂರಿನ ಬಟ್ಟೆ ಹಗ್ಗದ ಮೇಲೆ ದಿನಗಟ್ಟಲೆ ತೇವವಾಗಿಯೇ ಉಳಿಯುವುದಕ್ಕೂ ಏಪ್ರಿಲ್‌ನ ಕಲಬುರಗಿಯಲ್ಲಿ ಹರವಿದ್ದು ನೋಡನೋಡುತ್ತಲೇ ಆರುವುದಕ್ಕೂ ಈ ಅಂತರವೇ ಮುಖ್ಯ ಕಾರಣ.

ಗಾಳಿಯ ಅಡ್ಡಿ ಎಷ್ಟು ದೊಡ್ಡದು? 1882ರಲ್ಲಿ ಹೈನ್‌ರಿಖ್ ಹರ್ಟ್ಸ್, 1915ರಲ್ಲಿ ಮಾರ್ಟಿನ್ ನುಡ್ಸೆನ್ ನಿರ್ವಾತದಲ್ಲಿ ಪಾದರಸವನ್ನು ಆವಿಯಾಗಿಸಿ ನೋಡಿದರು. ಹೊರಟ ಅಣು ಮರಳದಿದ್ದರೆ ವೇಗದ ಗರಿಷ್ಠ ಮಿತಿ ಎಷ್ಟೆಂಬ ಸೂತ್ರ ಇವರ ಹೆಸರಿನಲ್ಲಿದೆ. 20 ಡಿಗ್ರಿಯ ನೀರಿಗೆ ಅದನ್ನು ಅನ್ವಯಿಸಿದರೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2.5 ಕಿಲೊ, ಅಂದರೆ ಸೆಕೆಂಡಿಗೆ 2.5 ಮಿ.ಮೀ. ನೀರು! ನಮ್ಮ ಕೆರೆಗಳು ಇಡೀ ದಿನದಲ್ಲಿ ಕಳೆದುಕೊಳ್ಳುವುದು ಕೆಲವೇ ಮಿ.ಮೀ. ಹತ್ತಾರು ಸಾವಿರ ಪಟ್ಟು ವ್ಯತ್ಯಾಸ.

ಹೊರಟ ಅಣು ಮಿ.ಮೀ.ನ ಹತ್ತು ಸಾವಿರದಲ್ಲೊಂದು ಭಾಗ ಸಾಗುವಷ್ಟರಲ್ಲಿ ಗಾಳಿಯ ಅಣುವಿಗೆ ಡಿಕ್ಕಿ ಹೊಡೆಯುತ್ತದೆ, ದಿಕ್ಕು ತಪ್ಪುತ್ತದೆ, ಎಷ್ಟೋ ಸಲ ಮರಳುತ್ತದೆ. ವಿಯೆನ್ನಾದ ಯೋಸೆಫ್ ಸ್ಟೆಫಾನ್ 1870ರ ದಶಕದಲ್ಲಿ ಕಿರಿದಾದ ನಳಿಕೆಗಳಲ್ಲಿ ಈಥರ್ ಇಟ್ಟು ಅಳೆದಾಗ, ನಳಿಕೆಯ ಬಾಯಿಂದ ದ್ರವ ಎಷ್ಟು ಪಟ್ಟು ಆಳಕ್ಕಿಳಿಯಿತೋ ವೇಗ ಅಷ್ಟೇ ಪಟ್ಟು ತಗ್ಗಿತು.

ಇನ್ನೊಂದು ತಡೆ ದ್ರವದ ಒಳಗೇ ಇದೆ: ಚುರುಕಾದ ಅಣುಗಳು ಹೊರಟುಹೋದಂತೆ ಉಳಿದ ದ್ರವ ತಣ್ಣಗಾಗುತ್ತದೆ. 1758ರಲ್ಲಿ ಕೇಂಬ್ರಿಜ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಹ್ಯಾಡ್ಲಿ ಉಷ್ಣಮಾಪಕದ ಬುಡಕ್ಕೆ ಈಥರ್ ಸವರಿ ತಿದಿಯಿಂದ ಗಾಳಿ ಊದುತ್ತ ಹೋದರು. ಪಾದರಸ ಸುಮಾರು 18 ಡಿಗ್ರಿಯಿಂದ ಸೊನ್ನೆಗಿಂತ 14 ಡಿಗ್ರಿ ಕೆಳಕ್ಕಿಳಿಯಿತು, ಬುಡದ ಸುತ್ತ ಮಂಜುಗಡ್ಡೆ ಕಟ್ಟಿತು. ಆ ತಂಪಿನಲ್ಲಿ ಈಥರಿನ ಆವಿಯೊತ್ತಡ ಮೊದಲಿನದರ ಕಾಲು ಭಾಗಕ್ಕೂ ಕಡಿಮೆ. ಆವಿಯಾಗುವುದೇ ಆವಿಯಾಗುವಿಕೆಗೆ ಕಡಿವಾಣ!

ಆವಿಯೊತ್ತಡ ಅತ್ಯಲ್ಪವಾದರೆ ಅಪಾಯವಿಲ್ಲವೆಂದೂ ಅಲ್ಲ. ಪಾದರಸದ್ದು 20 ಡಿಗ್ರಿಯಲ್ಲಿ ಬರೀ 0.0012 ಮಿ.ಮೀ.; ಆದರೂ ಗಾಳಿಯಾಡದ ಕೋಣೆ ಆವಿಯಿಂದ ತುಂಬಿದರೆ ಘನಮೀಟರಿಗೆ 13 ಮಿಲಿಗ್ರಾಂ ಸೇರುತ್ತದೆ. ವರ್ಷಗಟ್ಟಲೆ ಪಾದರಸದ ನಡುವೆ ದುಡಿದು ತಲೆನೋವು, ಮರೆವಿನಿಂದ ನರಳಿದ ಜರ್ಮನ್ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ 1926ರಲ್ಲಿ ಈ ಅಪಾಯವನ್ನು ಬರೆದು ಎಚ್ಚರಿಸಿದರು.