ಪ್ಲಿಂತ್

ಫ್ರೀಡಂಬಾಕ್ಸ್ ಎಂಬ ಮನೆ ಸರ್ವರ್ ಅನ್ನು ಬ್ರೌಸರಿನಲ್ಲೇ ನಿರ್ವಹಿಸಲು ಇರುವ ಸ್ವತಂತ್ರ ತಂತ್ರಾಂಶ. ಪೈಥಾನ್‌ನಲ್ಲಿ ಬರೆದದ್ದು, ಎಜಿಪಿಎಲ್ ಪರವಾನಗಿಯದು, ಡೆಬಿಯನ್ ವಿತರಣೆಯೊಳಗೇ ಸಿಗುವಂಥದ್ದು. ಕಟ್ಟಡದ ಅಡಿಪೀಠಕ್ಕೆ ನಮ್ಮ ಗಾರೆ ಮೇಸ್ತ್ರಿಗಳೂ ಹೇಳುವ ‘ಪ್ಲಿಂತ್’ ಪದವೇ ಇದರ ಹೆಸರು. ಈಗ ಪ್ಯಾಕೇಜನ್ನು ಫ್ರೀಡಂಬಾಕ್ಸ್ ಎಂದೇ ಕರೆಯುತ್ತಾರೆ. ಆದರೆ ಆಕರ ಸಂಕೇತದ ಒಳಗೆಲ್ಲ ಹಳೆಯ ಹೆಸರೇ ಉಳಿದಿದೆ.

ಹಿನ್ನೆಲೆ

2010ರ ಫೆಬ್ರವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ ನ್ಯೂಯಾರ್ಕಿನಲ್ಲಿ ಮಾಡಿದ ಭಾಷಣವೇ ಫ್ರೀಡಂಬಾಕ್ಸ್ ಯೋಜನೆಯ ಮೂಲ. ಜನರ ಪತ್ರ, ಚಿತ್ರ, ಮಾತುಕತೆಗಳೆಲ್ಲ ಕೆಲವೇ ಕಂಪನಿಗಳ ಸರ್ವರುಗಳಲ್ಲಿ ಸೇರಿಕೊಳ್ಳುವ ಬದಲು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಷ್ಟು ಪುಟ್ಟದಾದ, ಮನೆಯವರದೇ ಆದ ಯಂತ್ರದಲ್ಲಿ ಇರಲಿ ಎಂಬುದು ಅವರ ವಾದ. 2011ರಲ್ಲಿ ಫ್ರೀಡಂಬಾಕ್ಸ್ ಪ್ರತಿಷ್ಠಾನ ಹುಟ್ಟಿತು, ಕಿಕ್‌ಸ್ಟಾರ್ಟರ್ ಮೂಲಕ 80,000 ಡಾಲರಿಗೂ ಹೆಚ್ಚು ಹಣ ಕೂಡಿತು. ಪ್ಲಿಂತ್ ಮೊದಲು ಚೆರ್ರಿಪೈ ಎಂಬ ಪೈಥಾನ್ ಜಾಲ ಚೌಕಟ್ಟಿನಲ್ಲಿತ್ತು, 2014ರ ಹೊತ್ತಿಗೆ ಜ್ಯಾಂಗೋಗೆ ಬಂತು. 2019ರಲ್ಲಿ ಬಲ್ಗೇರಿಯಾದ ಓಲಿಮೆಕ್ಸ್ ಕಂಪನಿ ಇದನ್ನು ಮೊದಲೇ ಅಳವಡಿಸಿದ ಪೆಟ್ಟಿಗೆಗಳನ್ನು ಮಾರತೊಡಗಿತು.

ಒಳರಚನೆ

ಪ್ಲಿಂತ್‌ನ ನಿಜವಾದ ಮಹತ್ವ ತೆರೆಯ ಮೇಲೆ ಕಾಣುವ ಗುಂಡಿಗಳಲ್ಲಿಲ್ಲ, ಅವುಗಳ ಹಿಂದಿರುವ ಅಧಿಕಾರ ಹಂಚಿಕೆಯಲ್ಲಿದೆ. ಸರ್ವರ್ ನಿರ್ವಹಣೆಯ ಜಾಲಪುಟಕ್ಕೆ ಪ್ಯಾಕೇಜ್ ಹಾಕುವ, ಫೈರ್‌ವಾಲ್ ಬದಲಿಸುವ, ಡಿಸ್ಕ್ ಮುಟ್ಟುವ ಶಕ್ತಿ ಬೇಕು. ಇವೆಲ್ಲ ಯಂತ್ರದ ಪೂರ್ಣಾಧಿಕಾರವುಳ್ಳ ‘ರೂಟ್’ ಖಾತೆಯ ಕೆಲಸಗಳು. ಪುಟವನ್ನೇ ರೂಟ್ ಆಗಿ ಓಡಿಸಿದರೆ ಅದರಲ್ಲಿನ ಒಂದು ಸಣ್ಣ ಬಿರುಕು ಸಾಕು, ಇಡೀ ಯಂತ್ರ ಪರರ ಪಾಲು.

ಹೀಗಾಗಿ ಪ್ಲಿಂತ್ ತನ್ನದೇ ಹೆಸರಿನ ಸಾಮಾನ್ಯ ಬಳಕೆದಾರನಾಗಿ ಓಡುತ್ತದೆ, ಹೊರಗಿನ ಕೋರಿಕೆಗಳು ಅಪಾಚೆ ಜಾಲ ಸರ್ವರಿನ ಮೂಲಕವೇ ಅದನ್ನು ತಲುಪುತ್ತವೆ. ಮೊದಲಿನ ಪದ್ಧತಿಯಲ್ಲಿ ಆ ಬಳಕೆದಾರನಿಗೆ ಸುಡೋ, ಅಂದರೆ ರೂಟ್ ಆಗಿ ಓಡಿಸುವ ಅನುಮತಿ, ಕೊಡುತ್ತಿದ್ದುದು ಒಂದೇ ಕಡತಕೋಶದಲ್ಲಿದ್ದ ‘ಆ್ಯಕ್ಷನ್’ ಸ್ಕ್ರಿಪ್ಟುಗಳಿಗೆ ಮಾತ್ರ. ಸ್ಕ್ರಿಪ್ಟಿನ ಹೆಸರಲ್ಲಿ ಓರೆಗೀಟು (/) ಕಂಡರೆ ಕೋರಿಕೆ ಅಲ್ಲೇ ತಿರಸ್ಕೃತ, ಏಕೆಂದರೆ ಓರೆಗೀಟು ಹಾಕಿಯೇ ಬೇರೆ ಕೋಶಕ್ಕೆ ಜಿಗಿಯುವುದು. ನಡುವೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಇಲ್ಲವಾದ್ದರಿಂದ, ಯಾರಾದರೂ ಅರ್ಧವಿರಾಮದ (;) ಬಳಿಕ ಇನ್ನೊಂದು ಆಜ್ಞೆ ತುರುಕಿದರೂ ಅದು ಬರಿಯ ಪಠ್ಯವಾಗಿ ಉಳಿಯುತ್ತಿತ್ತು. ಮುಂದೆ ಈ ಸ್ಕ್ರಿಪ್ಟುಗಳ ಜಾಗಕ್ಕೆ ‘ಪ್ರಿವಿಲೇಜ್ಡ್’ ಎಂದು ಗುರುತು ಹಾಕಿದ ಪೈಥಾನ್ ಕಾರ್ಯಗಳು ಬಂದವು. ಕಾರ್ಯಕ್ಕೆ ಕೊಡುವ ಪ್ರತಿ ಮೌಲ್ಯ ಯಾವ ಬಗೆಯದೆಂದು ಬರೆದಿರಲೇಬೇಕು. ಸಂಖ್ಯೆ ಬರಬೇಕಾದಲ್ಲಿ ಪಠ್ಯ ಬಂದರೆ ಕಾರ್ಯ ಶುರುವೇ ಆಗುವುದಿಲ್ಲ.

ಬಳಕೆ

ಹೊಸ ಪೆಟ್ಟಿಗೆಯನ್ನು ರೂಟರಿಗೆ ಸಿಕ್ಕಿಸಿ, ಅದೇ ಜಾಲದ ಕಂಪ್ಯೂಟರಿನಲ್ಲಿ ಅದರ ವಿಳಾಸ ತೆರೆದರೆ ಮೊದಲು ಎದುರಾಗುವುದು ಬ್ರೌಸರಿನ ಎಚ್ಚರಿಕೆ. ಏಕೆಂದರೆ ಪೆಟ್ಟಿಗೆ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುತ್ತದೆ. ಖಾಸಗಿತನಕ್ಕೆಂದೇ ಕೊಂಡ ಯಂತ್ರ ‘ಸುರಕ್ಷಿತವಲ್ಲ’ ಎನ್ನಿಸಿಕೊಂಡಾಗ ಹೊಸಬರು ಗಾಬರಿಯಾಗುವುದು ಸಹಜ. ಸ್ವಂತ ಡೊಮೇನ್ ಜೋಡಿಸಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪಡೆದ ಮೇಲೆ ಈ ತಕರಾರು ಇರುವುದಿಲ್ಲ. ಆಮೇಲೆ ಮ್ಯಾಟ್ರಿಕ್ಸ್ ಹರಟೆ, ರಾಡಿಕೇಲ್ ಕ್ಯಾಲೆಂಡರ್, ಸಿಂಕ್‌ಥಿಂಗ್, ವೈರ್‌ಗಾರ್ಡ್, ಟಾರ್ ಮುಂತಾದವನ್ನು ಒಂದೊಂದಾಗಿ ಆರಿಸಿಕೊಳ್ಳಬಹುದು.

ಆಯ್ಕೆಗಳನ್ನು ಬೇಕೆಂದೇ ಕಡಿಮೆ ತೋರಿಸುವುದು ಪ್ಲಿಂತ್‌ನ ರೀತಿ. ಪಳಗಿದ ನಿರ್ವಾಹಕರಿಗೆ ಇದು ಕೈಕಟ್ಟಿದಂತೆ ಅನ್ನಿಸುವುದುಂಟು. ಅಂಥವರಿಗೆಂದು ಕಾಕ್‌ಪಿಟ್ ಎಂಬ ಇನ್ನೊಂದು ನಿರ್ವಹಣಾ ಸಾಧನ ಜೊತೆಗಿದೆ. ಇದರ ಪುಟಗಳಿಗೆ ಕನ್ನಡ ಅನುವಾದದ ಕಡತವೂ ಇದೆ.

ಭಾರತದಲ್ಲಿ ತೊಡಕಿರುವುದು ಬೇರೆ ಕಡೆ. ಅನೇಕ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಹಂಚುವುದರಿಂದ, ರೂಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ಪೆಟ್ಟಿಗೆ ಸಿಗುವುದಿಲ್ಲ. ಆಗ ಉಳಿಯುವ ದಾರಿಗಳಲ್ಲಿ ಒಂದು, ಪ್ಲಿಂತ್‌ನಿಂದಲೇ ಚಾಲೂ ಮಾಡಬಹುದಾದ ಟಾರ್‌ನ ಆನಿಯನ್ ವಿಳಾಸ. ಅದಕ್ಕೆ ಸಾರ್ವಜನಿಕ ಐಪಿ ಬೇಕಿಲ್ಲ, ವೇಗ ಮಾತ್ರ ಕಡಿಮೆ.