ದತ್ತಿ ಮತ್ತು ಸಾಲ: ಅಣ್ಣಿಗೇರಿ ಸೀಮೆಯ ನೀರಿನ ಚರಿತ್ರೆಯಲ್ಲಿ ಒಂದು ವಿಚಾರ

೧

ಪಂಪಕವಿಯ ತಮ್ಮನಾದ ಜಿನವಲ್ಲಭನು ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಳಿಯ ಬಂಡೆಯ ಮೇಲೆ ಕೆತ್ತಿಸಿದ ಶಾಸನವು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆಲ್ಲ ಪರಿಚಿತವಾದುದು. ಪಂಪನ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬ ಸಂಗತಿಯು ನಮಗೆ ತಿಳಿದುಬಂದುದು ಈ ಶಾಸನದಿಂದಲೇ. ಕವಿಯ ವಂಶವನ್ನು ನಿರ್ಣಯಿಸುವುದಕ್ಕಾಗಿ ವಿದ್ವಾಂಸರು ಇದನ್ನು ಹಲವು ಸಲ ಪರಾಮರ್ಶಿಸಿರುವರು. ಆದರೆ ಅದೇ ಶಾಸನದಲ್ಲಿ ನಾವು ಲಕ್ಷ್ಯವಿಡತಕ್ಕ ಇನ್ನೊಂದು ಮಾತುಂಟು. ಜಿನವಲ್ಲಭನು ಅಲ್ಲಿ ತ್ರಿಭುವನತಿಲಕವೆಂಬ ಬಸದಿಯನ್ನೂ ಮದನವಿಲಾಸವೆಂಬ ತೋಟವನ್ನೂ ಮಾಡಿಸಿದುದಲ್ಲದೆ, ಅಣ್ಣನ ಬಿರುದನ್ನೇ ಹೆಸರಾಗಿಟ್ಟು ಕವಿತಾಗುಣಾರ್ಣವವೆಂಬ ಕೆರೆಯನ್ನೂ ಕಟ್ಟಿಸಿದನು. ಕವಿಯ ಕೀರ್ತಿಯು ನಿಲ್ಲಬೇಕಾದರೆ ಕಾವ್ಯದೊಡನೆ ಕೆರೆಯೂ ನಿಲ್ಲಬೇಕೆಂಬುದು ಆ ಕಾಲದವರ ಭಾವನೆಯಾಗಿದ್ದಿತು.

ಕೆರೆಯನ್ನು ಯಾರು ಕಟ್ಟಿಸಿದರೆಂಬುದನ್ನು ಶಾಸನಗಳು ಹೇಳುತ್ತವೆ; ಕಟ್ಟಿಸಿದಮೇಲೆ ಅದನ್ನು ಯಾರ ಹಣದಿಂದ ಕಾಪಾಡಿದರೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಜಿನವಲ್ಲಭನ ತಾಯಿಯ ತವರಾದ ಅಣ್ಣಿಗೇರಿಯನ್ನೂ ಅದರ ಸುತ್ತಲಿನ ಬೆಳ್ವೊಲವನ್ನೂ ಎದುರಿಗಿಟ್ಟುಕೊಂಡು ಈ ಎರಡನೆಯ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶವು. ಹಿಂದೆ ನೀರಿಗೆ ಹಣವು ದತ್ತಿಯ ರೂಪದಲ್ಲಿ ಬರುತ್ತಿದ್ದಿತು. ಕಳೆದ ಒಂದೂವರೆ ಶತಮಾನದಿಂದ ಅದು ಬಹುಮಟ್ಟಿಗೆ ತೆರಿಗೆ ಮತ್ತು ಸಾಲಗಳ ರೂಪದಲ್ಲಿ ಬರುತ್ತಿರುವುದು. ಈ ಮಾರ್ಪಾಟಿನಲ್ಲಿ ನಾವು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ನೋಡಬೇಕಾಗಿದೆ.

೨

ಬೆಳ್ವೊಲ ಮುನ್ನೂರು ಎಂಬ ನಾಡಿಗೆ ಅಣ್ಣಿಗೇರಿಯು ಮುಖ್ಯಸ್ಥಾನವಾಗಿದ್ದಿತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಕಲಚುರ್ಯರ ಪ್ರಾಬಲ್ಯವು ಕುಂದಿದಮೇಲೆ, ಚಾಲುಕ್ಯರ ನಾಲ್ಕನೆಯ ಸೋಮೇಶ್ವರನು ಕೆಲವು ಕಾಲ ಇಲ್ಲಿಂದಲೇ ಆಳಿದನು. ಊರಿನ ಅಮೃತೇಶ್ವರ ದೇವಾಲಯವು ಆ ವೈಭವದ ಸಾಕ್ಷಿಯಾಗಿ ಇಂದಿಗೂ ನಿಂತಿರುವುದು. ಇಷ್ಟು ಸಂಪನ್ನವಾದ ನಾಡಿಗೆ ಕೊರತೆಯಾಗಿದ್ದುದು ಕುಡಿಯುವ ನೀರೊಂದೇ. ಇಲ್ಲಿಯದು ಎರೆಭೂಮಿ. ಹತ್ತಿ, ಜೋಳ, ಕಡಲೆಗಳಿಗೆ ಈ ಮಣ್ಣು ಹೇಳಿಮಾಡಿಸಿದಂತಿದ್ದರೂ ಬಾವಿ ತೋಡಿದರೆ ಹಲವೆಡೆಗಳಲ್ಲಿ ಸಿಕ್ಕುವುದು ಸವಳು ನೀರು. ನಾಡಿನ ನಡುವೆ ಹರಿಯುವ ಬೆಣ್ಣಿಹಳ್ಳವು ಹೆಸರಿನಲ್ಲಿ ಮಾತ್ರ ಸವಿಯಾದುದು. ಮಳೆಗಾಲದಲ್ಲಿ ಊರುಗಳನ್ನು ಮುಳುಗಿಸಿ, ಬೇಸಗೆಯಲ್ಲಿ ಬತ್ತಿ ಉಪ್ಪಾಗುವುದು ಅದರ ಸ್ವಭಾವ. ಆದಕಾರಣ ಮಳೆಯ ನೀರನ್ನು ಕೆರೆಯಲ್ಲಿ ಹಿಡಿದು ವರ್ಷವೆಲ್ಲ ಕುಡಿಯುವುದೊಂದೇ ಇಲ್ಲಿಯವರಿಗೆ ದಾರಿಯಾಗಿದ್ದಿತು. ನವಲಗುಂದದ ನೀಲಮ್ಮನ ಕೆರೆಯು ಆ ಊರಿನ ಜೀವಾಳವೆನಿಸಿದುದು ಈ ಕಾರಣದಿಂದಲೇ. ಸಮೀಪದ ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ ದೇವಾಲಯದ ಶಿಲ್ಪಕ್ಕೆ ಸಮನಾದ ಕೆಲಸವನ್ನು ನೀರಿನ ಮೆಟ್ಟಿಲುಗಳಿಗೆ ಮಾಡಿರುವುದನ್ನು ಕಂಡವರು ಇದನ್ನು ಬಲ್ಲರು.

ಈ ಕೆರೆಬಾವಿಗಳ ಹಿಂದೆ ಇದ್ದ ಹಣದ ವ್ಯವಸ್ಥೆಯನ್ನು ನಮ್ಮ ಶಾಸನಗಳ ಪರಿಭಾಷೆಯೇ ತಿಳಿಸುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಮೊದಲಾದ ಮಾತುಗಳು ಕರ್ಣಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಒಂದೊಂದಕ್ಕೂ ಪ್ರದೇಶಭೇದದಿಂದ ಅರ್ಥದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ತಾತ್ಪರ್ಯವು ಒಂದೇ: ಕೆರೆಯನ್ನು ಕಟ್ಟಿದವನಿಗೂ ಅದರ ಹೂಳನ್ನೆತ್ತಿ ಏರಿಯನ್ನು ಕಾಯುವವನಿಗೂ ಭೂಮಿಯಿಂದಲೋ ಬೆಳೆಯಿಂದಲೋ ಒಂದು ಪಾಲು ಸಲ್ಲಬೇಕೆಂಬುದು. ಇನ್ನು ಕೆಲವು ದತ್ತಿಗಳಲ್ಲಿ ದಾನಿಯು ಇಷ್ಟು ಗದ್ಯಾಣವೆಂದು ಹೊನ್ನನ್ನು ಊರಿನ ಮಹಾಜನರ ಕೈಯಲ್ಲಿಡುತ್ತಿದ್ದನು. ಮಹಾಜನರು ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಧರ್ಮವನ್ನು ನಡೆಸಬೇಕಾಗಿದ್ದಿತು. ಸಂಸ್ಕೃತ ಶಾಸನಗಳು ಇಂಥ ನಿಧಿಯನ್ನು ಅಕ್ಷಯನೀವಿ ಎಂದು ಕರೆಯುತ್ತವೆ. ಹೆಸರೇ ಅದರ ಲಕ್ಷಣವನ್ನು ಹೇಳುತ್ತದೆ. ಅಸಲು ಸವೆಯಲಾಗದು; ಬಡ್ಡಿಯು ನಿಲ್ಲಲಾಗದು.

ಈ ಪದ್ಧತಿಯ ಗುಣವು ಸ್ಪಷ್ಟವಾದುದು. ಕಟ್ಟುವ ಖರ್ಚಿಗಿಂತ ಕಾಯುವ ಖರ್ಚಿಗೆ ಅದು ಹೆಚ್ಚು ಗಮನ ಕೊಟ್ಟಿತು. ಅದರ ದೋಷವೂ ಅಷ್ಟೇ ಸ್ಪಷ್ಟವಾದುದು. ದತ್ತಿಯು ದಾನಿಯ ಇಚ್ಛೆಯನ್ನು ಅವಲಂಬಿಸಿದ್ದಿತು. ದಾನಿಯಿಲ್ಲದ ಊರಿಗೆ ಕೆರೆಯಿಲ್ಲ. ಅದಕ್ಕಿಂತ ಗುರುತರವಾದುದು ಇನ್ನೊಂದು. ಧರ್ಮಕ್ಕೆಂದು ಬಿಟ್ಟ ಕೆರೆಬಾವಿಗಳಲ್ಲಿ ಊರಿನ ಎಲ್ಲರೂ ಕೊಡವನ್ನು ಮುಳುಗಿಸುವಂತಿರಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟವರು ದಂಡೆಯ ಬಳಿ ನಿಂತು ಬೇರೆಯವರು ಹೊಯ್ಯುವುದನ್ನು ಕಾಯಬೇಕಾಗಿದ್ದಿತು. ದಾನದಿಂದ ಬಂದ ನೀರನ್ನು ಹಕ್ಕೆಂದು ಕೇಳುವುದು ಅವರಿಗೆ ಸಾಧ್ಯವಿರಲಿಲ್ಲ.

೩

ಪೇಶವೆಯರ ಆಳಿಕೆಯು ಮುಗಿದು ಧಾರವಾಡ ಸೀಮೆಯು ಮುಂಬಯಿ ಇಲಾಖೆಗೆ ಸೇರಿದಮೇಲೆ ಹಳೆಯ ಮಾನ್ಯ ಇನಾಮುಗಳ ಪರಿಶೀಲನೆಯು ನಡೆದು, ಊರಿನ ಕೆಲಸಗಳಿಗೆ ಆಧಾರವಾಗಿದ್ದ ಆದಾಯಗಳ ಸ್ವರೂಪವು ಬದಲಾಯಿತು. ೧೮೬೯ರ ಮುಂಬಯಿಯ ಕಾಯಿದೆಯಂತೆ ಭೂಕಂದಾಯದ ಪ್ರತಿಯೊಂದು ರೂಪಾಯಿಗೆ ಒಂದು ಆಣೆಯಂತೆ ಲೋಕಲ್ ಫಂಡ್ ಪಟ್ಟಿಯನ್ನು ಎತ್ತತೊಡಗಿದರು. ಆ ಹಣದಲ್ಲಿ ಎರಡು ಪಾಲು ರಸ್ತೆ ಮೊದಲಾದ ಕಾಮಗಾರಿಗಳಿಗೂ ಒಂದು ಪಾಲು ವಿದ್ಯೆಗೂ ಸಲ್ಲುತ್ತಿದ್ದಿತು. ಒಂದಾಣೆಯ ಪಟ್ಟಿಯಿಂದ ದೊಡ್ಡ ಕೆಲಸಗಳು ಸಾಗುವಂತಿರಲಿಲ್ಲವಾದುದರಿಂದ ಸಾಲದ ವಿಚಾರವು ಮುಂದೆ ಬಂದಿತು. ೧೮೭೧ ಮತ್ತು ೧೮೭೯ರ ಕಾಯಿದೆಗಳ ತರುವಾಯ ೧೯೧೪ರ ಸ್ಥಳೀಯ ಸಂಸ್ಥೆಗಳ ಸಾಲದ ಕಾಯಿದೆಯು ಇದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟಿತು. ಮುನಿಸಿಪಾಲಿಟಿಯು ಸರ್ಕಾರದ ಅನುಮತಿಯನ್ನು ಪಡೆದು ತನ್ನ ಆದಾಯವನ್ನೇ ಆಧಾರವಾಗಿಟ್ಟು ಸಾಲವೆತ್ತಬಹುದು. ಸಾಲವು ತೀರದಿದ್ದರೆ ಆ ಆದಾಯವನ್ನು ಜಪ್ತಿ ಮಾಡಬಹುದು ಎಂಬುದು ಅದರ ಸಾರಾಂಶ.

ದತ್ತಿಗೂ ಸಾಲಕ್ಕೂ ಇರುವ ಮೂಲಭೇದವು ಇಲ್ಲಿ ಗೋಚರವಾಗುತ್ತದೆ. ದತ್ತಿಯಲ್ಲಿ ಹಿಂದಿನ ತಲೆಮಾರು ಮುಂದಿನ ತಲೆಮಾರಿಗೆ ಕೊಡುತ್ತದೆ. ಸಾಲದಲ್ಲಿ ಇಂದಿನ ತಲೆಮಾರು ನೀರನ್ನು ಕುಡಿದು ಮುಂದಿನ ತಲೆಮಾರಿನಿಂದ ಕೊಡಿಸುತ್ತದೆ. ದತ್ತಿಯ ಬಡ್ಡಿಯು ಕೆರೆಯ ಕಡೆಗೆ ಹರಿದುಬರುತ್ತದೆ. ಸಾಲದ ಬಡ್ಡಿಯು ಕೆರೆಯಿಂದ ಹೊರಕ್ಕೆ ಹರಿದುಹೋಗುತ್ತದೆ. ಇದರಿಂದ ಸಾಲವೇ ಅನ್ಯಾಯವೆಂದು ಹೇಳಲಾಗದು. ನಲವತ್ತು ವರ್ಷ ಬಾಳುವ ಕೊಳವೆಯ ಬೆಲೆಯನ್ನು ಒಂದೇ ವರ್ಷದ ತೆರಿಗೆಯಿಂದ ತೆಗೆಯುವುದು ಯಾವ ಊರಿಗೂ ಶಕ್ಯವಲ್ಲ. ಬಳಸುವವರೆಲ್ಲರೂ ಕಾಲಕಾಲಕ್ಕೆ ಹಂಚಿಕೊಂಡು ಕೊಡುವುದು ನ್ಯಾಯವೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರವು ೧೮೭೬ರಲ್ಲಿ ಖಾಸಗಿ ಕಂಪನಿಯಿಂದ ನೀರಿನ ಕಾರಖಾನೆಯನ್ನು ಸಾಲದ ಹಣದಿಂದಲೇ ಕೊಂಡು ಊರಿನ ಸ್ವತ್ತಾಗಿ ಮಾಡಿಕೊಂಡಿತು.

ಸಾರ್ವಜನಿಕ ಹಣವು ದತ್ತಿಯು ಕೊಡಲಾರದ ಒಂದು ವಸ್ತುವನ್ನು ಕೊಟ್ಟಿತು. ೧೯೨೩ರ ಆಗಸ್ಟಿನಲ್ಲಿ ಮುಂಬಯಿ ಕಾಯಿದೆ ಕೌನ್ಸಿಲಿನಲ್ಲಿ ಎಸ್. ಕೆ. ಬೋಲೆಯವರು ತಂದ ಠರಾವು ಅಂಗೀಕೃತವಾಯಿತು. ಸಾರ್ವಜನಿಕ ದ್ರವ್ಯದಿಂದ ಕಟ್ಟಿದ ಅಥವಾ ನಡೆಯಿಸುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯವರ್ಗದವರೂ ಬಳಸಬಹುದೆಂಬುದು ಅದರ ಆಶಯವು. ಈ ಠರಾವಿನ ಬಲದ ಮೇಲೆಯೇ ಡಾ. ಬಾಬಾಸಾಹೇಬ ಅಂಬೇಡ್ಕರರು ೧೯೨೭ರ ಮಾರ್ಚಿ ೨೦ರಂದು ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದರು. ಧಾರವಾಡ ಜಿಲ್ಲೆಯೂ ಅದೇ ಇಲಾಖೆಗೆ ಸೇರಿದ್ದುದರಿಂದ ಠರಾವು ಇಲ್ಲಿಯ ಊರುಗಳಿಗೂ ಅನ್ವಯಿಸುತ್ತಿದ್ದಿತು. ಅದು ಕೂಡಲೇ ಆಚರಣೆಗೆ ಬಾರದಿದ್ದರೂ ಅದರ ತತ್ತ್ವವು ಗಮನಾರ್ಹವಾದುದು. ಎಲ್ಲರ ಹಣದಿಂದ ಬಂದ ನೀರು ಎಲ್ಲರಿಗೂ ಸಲ್ಲತಕ್ಕುದು. ಅಷ್ಟೇ ಅಲ್ಲ, ಅದರ ಲೆಕ್ಕವನ್ನು ಕೇಳುವ ಅಧಿಕಾರವೂ ಎಲ್ಲರಿಗೂ ಉಂಟು.

೪

ಸ್ವಾತಂತ್ರ್ಯಾನಂತರ ಬೆಳ್ವೊಲದ ನೀರಿನ ಕಥೆಯು ಮಲಪ್ರಭೆಯ ಕಡೆಗೆ ತಿರುಗುತ್ತದೆ. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನರಗುಂದ, ನವಲಗುಂದಗಳ ಎರೆಹೊಲಗಳಿಗೆ ಬಂದವು. ಮುಂದೆ ಅದೇ ಕಾಲುವೆಯ ನೀರನ್ನು ಕೆರೆಗಳಲ್ಲಿ ತುಂಬಿಸಿ ಅಣ್ಣಿಗೇರಿ, ನವಲಗುಂದ ಮೊದಲಾದ ಊರುಗಳು ಕುಡಿಯತೊಡಗಿದವು. ಸರ್ಕಾರವು ತಾನು ಹೂಡಿದ ಬಂಡವಾಳದ ಒಂದು ಭಾಗವನ್ನು ಹೊಲದ ಬೆಲೆಯು ಏರಿತೆಂಬ ಕಾರಣದ ಮೇಲೆ ರೈತರಿಂದ ಪಡೆಯಲು ನಿಶ್ಚಯಿಸಿತು. ಬೆಟರ್‌ಮೆಂಟ್ ಲೆವಿ ಎಂದು ಜನರ ಬಾಯಲ್ಲಿ ನಿಂತಿರುವ ಅಭಿವೃದ್ಧಿ ಕರವು ಇದೇ. ಎಲ್ಲ ಹೊಲಗಳಿಗೂ ನೀರು ಸರಿಯಾಗಿ ತಲಪುವುದಕ್ಕೆ ಮುಂಚೆಯೇ ವಸೂಲಿಯು ಆರಂಭವಾಯಿತು. ಹತ್ತಿಯ ಧಾರಣೆಯು ಕುಸಿದಿದ್ದ ಕಾಲವದು. ೧೯೮೦ರ ಜುಲೈ ೨೧ರಂದು ನವಲಗುಂದ ನರಗುಂದಗಳಲ್ಲಿ ರೈತರ ಪ್ರತಿಭಟನೆಯು ಭುಗಿಲೆದ್ದು, ಗೋಲೀಬಾರಿನಲ್ಲಿ ರೈತರು ಪ್ರಾಣವನ್ನು ನೀಗಿದರು. ನರಗುಂದದಲ್ಲಿ ಪೋಲೀಸರೂ ಮಡಿದರು. ಈ ಸೀಮೆಯವರು ಆ ದಿನವನ್ನು ಹುತಾತ್ಮರ ದಿನವಾಗಿ ಆಚರಿಸುತ್ತ ಬಂದಿರುವರು.

ಈ ದುರಂತದ ರಾಜಕೀಯ ಪರಿಣಾಮಗಳನ್ನು ಅನೇಕರು ವಿವರಿಸಿರುವರು. ನಮ್ಮ ವಿಷಯಕ್ಕೆ ಅದು ಬೇರೊಂದು ಪಾಠವನ್ನು ಕೊಡುತ್ತದೆ. ನೀರಿಗೆ ಹಣ ಕೊಡುವುದು ಬೆಳ್ವೊಲದವರಿಗೆ ಹೊಸದಾಗಿರಲಿಲ್ಲ. ಬಿತ್ತುವಟ್ಟವನ್ನು ಕೊಟ್ಟ ನಾಡು ಇದು. ಆದರೆ ಬಿತ್ತುವಟ್ಟವು ಬೆಳೆದ ಬೆಳೆಯಲ್ಲಿ ಪಾಲು. ಬೆಳೆಯಿಲ್ಲದ ವರ್ಷ ಪಾಲೂ ಇಲ್ಲ. ಅಭಿವೃದ್ಧಿ ಕರವಾದರೋ ಆಗಬಹುದಾದ ಪ್ರಯೋಜನದ ಮೇಲೆ ಮುಂಗಡವಾಗಿ ಬಿದ್ದ ಋಣವು. ಪ್ರಯೋಜನವು ಬರುವುದಕ್ಕೆ ಮೊದಲು ಬಂದ ಋಣವನ್ನು ಜನರು ಋಣವೆಂದು ಒಪ್ಪಲಿಲ್ಲ, ದಂಡವೆಂದು ಭಾವಿಸಿದರು.

೫

೧೯೭೫ರಲ್ಲಿ ಕರ್ಣಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯೂ ೧೯೯೩ರಲ್ಲಿ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮವೂ ಸ್ಥಾಪಿತವಾದಮೇಲೆ ಊರುಗಳ ನೀರಿನ ಸಾಲವು ರಾಜ್ಯದ ಕೈಯಿಂದ ನಡೆಯತೊಡಗಿತು. ಜೀವವಿಮಾ ನಿಗಮ, ಹುಡ್ಕೋ ಮೊದಲಾದ ಸಂಸ್ಥೆಗಳ ಜತೆಗೆ ವಿಶ್ವಬ್ಯಾಂಕು, ಏಷ್ಯಾ ಅಭಿವೃದ್ಧಿ ಬ್ಯಾಂಕುಗಳೂ ಸಾಲಗಾರರಾಗಿ ಬಂದವು. ವಿಶ್ವಬ್ಯಾಂಕು ೨೦೦೧ರ ಡಿಸೆಂಬರಿನಲ್ಲಿ ಒಪ್ಪಿದ ಜಲನಿರ್ಮಲ ಯೋಜನೆಯು ಸುಮಾರು ೧೫ ಕೋಟಿ ಡಾಲರುಗಳ ಸಾಲದೊಡನೆ ಆರಂಭವಾಗಿ ಧಾರವಾಡವೂ ಸೇರಿ ಉತ್ತರದ ೧೧ ಜಿಲ್ಲೆಗಳ ಹಳ್ಳಿಗಳಿಗೆ ವ್ಯಾಪಿಸಿತು. ಹಳ್ಳಿಯವರು ನಿರ್ಮಾಣವೆಚ್ಚದಲ್ಲಿ ಒಂದಂಶವನ್ನು ವಂತಿಗೆಯಾಗಿ ಕೊಟ್ಟು, ತಮ್ಮದೇ ಸಮಿತಿಯ ಮೂಲಕ ಮುಂದಿನ ನಿರ್ವಹಣೆಯನ್ನು ಹೊರಬೇಕೆಂಬುದು ಅದರ ನಿಯಮವಾಗಿದ್ದಿತು. ೨೦೦೪ರಲ್ಲಿ ಸುಮಾರು ೪ ಕೋಟಿ ಡಾಲರುಗಳ ಇನ್ನೊಂದು ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಿಗೆ ದಿನದ ೨೪ ಗಂಟೆಯೂ ನೀರನ್ನು ಕೊಡುವ ಪ್ರಯೋಗವು ನಡೆಯಿತು. ಕೆಲವು ದಿನಗಳಿಗೊಮ್ಮೆ ನೀರು ಕಾಣುತ್ತಿದ್ದ ಓಣಿಗಳಲ್ಲಿ ನಲ್ಲಿಯು ನಿಲ್ಲದೆ ಹರಿಯಬಲ್ಲುದೆಂಬುದು ಅದರಿಂದ ಸಿದ್ಧವಾಯಿತು.

ಆದರೆ ಸಾಲವು ಕೊಳವೆಯನ್ನು ತರಬಲ್ಲುದಲ್ಲದೆ ನೀರನ್ನು ಸೃಷ್ಟಿಸಲಾರದು. ನವಿಲುತೀರ್ಥದ ಜಲಾಶಯವು ೩೭ ಟಿ.ಎಂ.ಸಿ.ಗಿಂತ ಹೆಚ್ಚು ನೀರನ್ನು ಹಿಡಿಯಬಲ್ಲುದಾದರೂ ಅನೇಕ ವರ್ಷಗಳಲ್ಲಿ ತುಂಬಲಿಲ್ಲ. ಕಳಸಾ ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಈ ಸೀಮೆಯ ಜನರು ದೀರ್ಘಕಾಲ ಹೋರಾಡಿದರು. ಮಹಾದಾಯಿ ನ್ಯಾಯಾಧಿಕರಣವು ೨೦೧೮ರ ಆಗಸ್ಟಿನಲ್ಲಿ ಅದಕ್ಕಾಗಿ ೩.೯ ಟಿ.ಎಂ.ಸಿ.ಯನ್ನು ಗೊತ್ತುಮಾಡಿತು. ಬತ್ತಿದ ಕಾಲುವೆಗೆ ಜೋಡಿಸಿದ ಕೊಳವೆಯ ಮೇಲೂ ಬಡ್ಡಿಯು ಬೆಳೆಯುತ್ತದೆ ಎಂಬುದನ್ನು ಯೋಜಕರು ಮರೆಯಲಾಗದು.

ಇನ್ನು ಕೊಳಚೆನೀರಿನ ವಿಚಾರ. ಕೆರೆಯಿಂದ ಕೊಡದಲ್ಲಿ ನೀರು ತರುತ್ತಿದ್ದ ಕಾಲದಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ ಸಾಲುತ್ತಿದ್ದಿತು. ನಲ್ಲಿಯು ಮನೆಗೆ ಬಂದಮೇಲೆ ಅದು ಬೀದಿಗೆ ಬಂದಿತು. ಬೀದಿಯಿಂದ ಹಳ್ಳಕ್ಕೆ ಹರಿಯಿತು. ಹುಬ್ಬಳ್ಳಿಯ ಕೊಳಚೆಯು ಬೆಣ್ಣಿಹಳ್ಳದ ದಾರಿಯನ್ನು ಹಿಡಿದರೆ ಅದರ ಫಲವನ್ನು ಅನುಭವಿಸುವವರು ಕೆಳಗಣ ನವಲಗುಂದ ಸೀಮೆಯವರು. ಕುಡಿಯುವ ನೀರಿಗೆ ಸಾಲ ಮಾಡಿದ ಊರು ತಾನೇ ಅದರ ಸುಖವನ್ನು ಪಡೆಯುತ್ತದೆ. ಒಳಚರಂಡಿಗೆ ಸಾಲ ಮಾಡಿದ ಊರು ಬಹುಮಟ್ಟಿಗೆ ನೆರೆಯೂರಿನ ಸುಖಕ್ಕಾಗಿ ಋಣವನ್ನು ಹೊರುತ್ತದೆ. ಆದುದರಿಂದಲೇ ನಮ್ಮಲ್ಲಿ ನಲ್ಲಿಯು ಮೊದಲು, ಚರಂಡಿಯು ಬಹುಕಾಲದ ಮೇಲೆ. ಈ ಕೆಲಸವನ್ನು ಒಂದೊಂದು ಊರಿನ ಸಾಲಕ್ಕೆ ಬಿಡುವುದು ಯುಕ್ತವಲ್ಲ.

೬

ಈ ತೊಡಕಿಗೆ ಬೇರೆ ದೇಶವೊಂದು ಕಂಡುಕೊಂಡ ಉಪಾಯವು ನಮ್ಮ ಅಕ್ಷಯನೀವಿಯನ್ನು ಹೋಲುತ್ತಿರುವುದು ಕುತೂಹಲಕರವಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೭ರಲ್ಲಿ ಕೊಳಚೆನೀರಿಗಾಗಿಯೂ ೧೯೯೬ರಲ್ಲಿ ಕುಡಿಯುವ ನೀರಿಗಾಗಿಯೂ ಒಂದೊಂದು ಸಂಸ್ಥಾನದಲ್ಲಿ ಆವರ್ತನಿಧಿಯನ್ನು ಏರ್ಪಡಿಸಿದರು. ಕೇಂದ್ರ ಸರ್ಕಾರವು ಮೂಲಧನವನ್ನು ಕೊಡುತ್ತದೆ. ಸಂಸ್ಥಾನವು ಅದರ ಐದರಲ್ಲೊಂದು ಪಾಲಿನಷ್ಟು ತನ್ನದನ್ನು ಸೇರಿಸುತ್ತದೆ. ಊರುಗಳು ಕಡಮೆ ಬಡ್ಡಿಗೆ ಸಾಲ ಪಡೆದು ತೀರಿಸಿದ ಹಣವು ಸಾಲಗಾರನ ಮನೆಗೆ ಹೋಗದೆ ಅದೇ ನಿಧಿಗೆ ಮರಳಿ ಇನ್ನೊಂದು ಊರಿಗೆ ಸಾಲವಾಗುತ್ತದೆ. ಚರಂಡಿಯು ಅಲ್ಲಿ ನಲ್ಲಿಗಿಂತ ಒಂಬತ್ತು ವರ್ಷ ಮೊದಲು ಬಂದುದನ್ನೂ ಗಮನಿಸಬೇಕು. ನಮ್ಮ ರಾಜ್ಯದಲ್ಲಿಯೂ ೨೦೦೫ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪುರಸಭೆಗಳ ನೀರಿಗಾಗಿ ಕೂಡುನಿಧಿಯೊಂದರ ಮೂಲಕ ೧೦೦ ಕೋಟಿ ರೂಪಾಯಿಗಳ ಋಣಪತ್ರಗಳನ್ನು ಮಾರಿ ಹಣವನ್ನು ಕೂಡಿಸಿದರು. ಒಂಟಿಯಾಗಿ ಪೇಟೆಗೆ ಹೋಗಲಾರದ ಸಣ್ಣ ಊರುಗಳು ಜತೆಗೂಡಿದರೆ ಸಾಲವು ದೊರೆಯುತ್ತದೆಂಬುದನ್ನು ಅದು ತೋರಿಸಿತು. ಆದರೆ ಋಣಪತ್ರದ ಹಣವು ತೀರಿದೊಡನೆ ಕೊಂಡವರಿಗೆ ಹಿಂದಿರುಗುವುದು. ಇನ್ನೊಂದು ಊರಿಗಾಗಿ ನಿಧಿಯಲ್ಲಿ ಉಳಿಯುವುದಿಲ್ಲ.

ಮೇಲಣ ವಿವೇಚನೆಯಿಂದ ತಿಳಿದುಬರುವುದಿಷ್ಟು. ದತ್ತಿಯಲ್ಲಿ ಅಸಲು ಅಕ್ಷಯವಾಗಿದ್ದಿತು, ನಿರ್ವಹಣೆಯು ನಿಶ್ಚಿತವಾಗಿದ್ದಿತು. ಸಮಾನವಾದ ಹಕ್ಕು ಮಾತ್ರ ಇರಲಿಲ್ಲ. ಸಾರ್ವಜನಿಕ ಸಾಲದಲ್ಲಿ ಹಕ್ಕು ಬಂದಿತು. ಅಕ್ಷಯವಾದ ಅಸಲೂ ನಿಶ್ಚಿತವಾದ ನಿರ್ವಹಣೆಯೂ ಹೋದವು. ೧೯೨೩ರ ಠರಾವನ್ನು ಬಿಟ್ಟು ಬಿತ್ತುವಟ್ಟಕ್ಕೆ ಮರಳುವುದನ್ನು ವಿವೇಕಿಗಳಾರೂ ಬಯಸರು. ಆದರೆ ಸಾಲದ ಕಾಗದಕ್ಕೆ ರುಜು ಹಾಕುವಾಗ ಹೂಳನ್ನೆತ್ತುವವನ ಪಾಲನ್ನು ಮೊದಲು ತೆಗೆದಿಡುವುದು, ನೀರು ತಲಪುವವರೆಗೆ ವಸೂಲಿಯನ್ನು ತಡೆಯುವುದು, ತೀರಿದ ಹಣವನ್ನು ನೀರಿಗೆಂದೇ ಉಳಿಸುವುದು, ಲೆಕ್ಕವನ್ನು ಊರಿನ ಮುಂದೆ ಓದುವುದು ಇವು ನಮ್ಮ ಶಾಸನಗಳೂ ೧೯೮೦ರ ಬೆಳ್ವೊಲವೂ ಒಟ್ಟಾಗಿ ಕಲಿಸುವ ನಿಯಮಗಳು. ಅಣ್ಣಿಗೇರಿಯು ೨೦೧೮ರಿಂದ ತಾಲ್ಲೂಕಿನ ಮುಖ್ಯಸ್ಥಳವಾಗಿದೆ; ಅದರ ನೀರಿನ ಅಗತ್ಯವು ಇನ್ನೂ ಬೆಳೆಯುವುದು. ಶಾಸನಾಭ್ಯಾಸಿಗಳು ದತ್ತಿಗಳನ್ನು ಓದುವಾಗ ದಾನಿಯ ಪ್ರಶಸ್ತಿಯಲ್ಲಿಯೇ ನಿಲ್ಲದೆ ಕೊನೆಯ ಸಾಲುಗಳಲ್ಲಿ ಬರುವ ನಿರ್ವಹಣೆಯ ಕಟ್ಟಳೆಗಳನ್ನು ಕೂಡಿಸಿ ಪ್ರಕಟಿಸಿದರೆ, ಆ ಕೆಲಸವು ಚರಿತ್ರೆಗೂ ಊರಿಗೂ ಏಕಕಾಲದಲ್ಲಿ ಉಪಯುಕ್ತವಾಗುವುದರಲ್ಲಿ ಸಂದೇಹವಿಲ್ಲ.