ಮಾಘಮಾಸದ ಒಂದು ಹವಾವರ್ತಮಾನ

ವಾರ್ತೆ ಮುಗಿದು ಹವಾವರ್ತಮಾನ ಆರಂಭವಾಗುವ ಹೊತ್ತಿಗೆ ರೇಡಿಯೋದ ಗುಂಡಿ ತಿರುಗಿಸಿ ಊಟಕ್ಕೆ ಏಳುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿ. ಕರಾವಳಿಯಲ್ಲಿ ಬಲವಾದ ಗಾಳಿ ಬೀಸುವ ಸಂಭವವಿದೆ ಎಂಬ ಮಾತು ಬಯಲುಸೀಮೆಯವರ ಕಿವಿಗೆ ಯಾರದೋ ಮನೆಯ ಸಮಾಚಾರ. ವಾಚಕರು ಮುನಿಯಲಾರರೆಂದು ನಂಬಿ, ಅಂಥದೇ ಒಂದು ಹವಾವರ್ತಮಾನದ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ. ಅದು ಹೊರಟದ್ದು 1953ನೆಯ ಇಸವಿ ಜನವರಿ 31, ಶನಿವಾರ. ನೆದರ್ಲೆಂಡ್ಸ್ ದೇಶದ ಡೆ ಬಿಲ್ಟ್ ಎಂಬ ಊರಿನ ಹವಾಮಾನ ಸಂಸ್ಥೆಯಿಂದ. ಅದು ಹೇಳಿದ ಮಾತು ಸತ್ಯವಾಗಿತ್ತು. ಕೇಳಬೇಕಾದವರು ಮಲಗಿದ್ದರು.

ನಾವು ಹಾಲೆಂಡು ಎಂದು ಕರೆಯುತ್ತ ಬಂದಿರುವ ಈ ದೇಶದ ಹೆಸರಿಗೇ ತಗ್ಗುನಾಡು ಎಂದು ಅರ್ಥ. ಅಲ್ಲಿಯ ನೆಲದಲ್ಲಿ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಡ್ಡು ಹಾಕಿ, ನೀರು ಹೊರಚೆಲ್ಲಿ, ಉಪ್ಪುನೆಲವನ್ನು ಉತ್ತು ಬಾಳುವ ವಿದ್ಯೆ ನಮಗೆ ತೀರ ಅಪರಿಚಿತವೇನಲ್ಲ. ಕುಮಟೆಯ ಕಡೆ ಅಘನಾಶಿನಿಯ ದಂಡೆಯಲ್ಲಿ ಗಜನಿ ಗದ್ದೆಗಳನ್ನು ಕಂಡವರು, ಒಡ್ಡಿನ ಈಚೆ ಕಗ್ಗದ ಪೈರು, ಆಚೆ ಉಬ್ಬರದ ಉಪ್ಪುನೀರು ಇರುವುದನ್ನು ನೋಡಿರುತ್ತಾರೆ. ಆ ಗಜನಿಯನ್ನೇ ಜಿಲ್ಲೆ ಜಿಲ್ಲೆಯಾಗಿ ಹಿಗ್ಗಿಸಿ, ಅದರೊಳಗೆ ಊರು, ಇಗರ್ಜಿ, ರೈಲುದಾರಿಗಳನ್ನು ಇಟ್ಟರೆ ನೈಋತ್ಯದ ಝೀಲೆಂಡ್ ಪ್ರಾಂತ್ಯದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಭೇದವಿಷ್ಟೆ: ಗಜನಿಯ ಒಡ್ಡು ಒಡೆದರೆ ಬೆಳೆ ಹೋಗುತ್ತದೆ, ಅಲ್ಲಿ ಊರೇ ಹೋಗುತ್ತದೆ.

ಆ ದಿನ ಮೂರು ಸಂಗತಿಗಳು ಕೂಡಿಬಂದವು. ಹಿಂದಿನ ದಿನವಷ್ಟೇ ಹುಣ್ಣಿಮೆಯಾಗಿತ್ತು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಮಾಘದ ಹುಣ್ಣಿಮೆ. ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಹುಣ್ಣಿಮೆಯ ಬೆನ್ನಿಗೆ ಬರುವ ಉಬ್ಬರ ದೊಡ್ಡದು. ಎರಡನೆಯದು, ಸ್ಕಾಟ್ಲೆಂಡಿನ ಮೇಲಿನಿಂದ ಇಳಿದುಬಂದ ವಾಯುಭಾರ ಕುಸಿತ. ಗಾಳಿಯ ಒತ್ತಡ ಕಡಮೆಯಾದಲ್ಲಿ ಸಮುದ್ರ ತಾನಾಗಿ ಮೇಲೇಳುತ್ತದೆ. ಒತ್ತಡಮಾಪಕದಲ್ಲಿ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಮೂರನೆಯದೇ ಘಾತುಕವಾದುದು: ಗಂಟೆಗಟ್ಟಲೆ ಬಿಡದೆ ಬೀಸಿದ ವಾಯವ್ಯದ ಬಿರುಗಾಳಿ. ಉತ್ತರ ಸಮುದ್ರ ದಕ್ಷಿಣಕ್ಕೆ ಬಂದಂತೆಲ್ಲ ಎಣ್ಣೆ ಹೊಯ್ಯುವ ಆಲಿಕೆಯಂತೆ ಕಿರಿದಾಗುತ್ತದೆ, ಆಳವೂ ಕಡಮೆ. ಗಾಳಿ ತಳ್ಳಿದ ನೀರಿಗೆ ಅಲ್ಲಿ ಹೋಗಲು ಎಡೆಯಿಲ್ಲ. ಅದೇ ಗಾಳಿ ಆ ಮಧ್ಯಾಹ್ನ ಐರ್ಲೆಂಡಿನ ಬಳಿ ಪ್ರಿನ್ಸೆಸ್ ವಿಕ್ಟೋರಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿ 130ಕ್ಕೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡಿತ್ತು.

ಡೆ ಬಿಲ್ಟಿನವರು ಹೊಸಬರಲ್ಲ. ಬೈಸ್ ಬಲಾಟ್ ಎಂಬ ಪಂಡಿತನು 1854ರಲ್ಲಿ ಕಟ್ಟಿದ ಸಂಸ್ಥೆ ಅದು. 1860ರಿಂದಲೇ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡುತ್ತ ಬಂದಿತ್ತು. 1916ರ ಜನವರಿಯಲ್ಲಿ ಝೈಡರ್ ಝೀ ಎಂಬ ಒಳಗಡಲು ಉಕ್ಕಿ ಅನರ್ಥವಾದ ಮೇಲೆ, ಒಡ್ಡು ಕಾಯುವವರಿಗಾಗಿಯೇ 1921ರಲ್ಲಿ ಪ್ರತ್ಯೇಕ ಎಚ್ಚರಿಕೆಯ ವ್ಯವಸ್ಥೆಯೂ ಏರ್ಪಟ್ಟಿತು. 1953ರ ಆ ಶನಿವಾರ ಸಂಜೆ ರಾಟರ್‌ಡ್ಯಾಮ್, ವಿಲೆಮ್‌ಸ್ಟಾಟ್, ಬೆರ್ಗೆನ್ ಆಪ್ ಝೋಮ್ ಎಂಬ ಮೂರು ಊರುಗಳ ಹೆಸರೆತ್ತಿ ‘ಅಪಾಯಕರವಾದ ನೀರಿನ ಏರಿಕೆ’ ಎಂಬ ತಂತಿ ಹೊರಟಿತು. ಆದರೆ ತಂತಿ ಹೋಗುತ್ತಿದ್ದುದು ಮೊದಲೇ ಹೆಸರು ಬರೆಸಿದ್ದ ಸಂಸ್ಥೆಗಳಿಗೆ ಮಾತ್ರ. ಶನಿವಾರದ ರಾತ್ರಿ, ಕಚೇರಿಗಳಿಗೆ ಬೀಗ. ಸಂಜೆಯ ಬಾನುಲಿಯಲ್ಲೂ ಬಿರುಗಾಳಿಯ ವರ್ತಮಾನ ಬಂತು. ಜನವರಿಯಲ್ಲಿ ಬಿರುಗಾಳಿ ಅಲ್ಲಿಯವರಿಗೆ ಹೊಸದೇ? ಮಧ್ಯರಾತ್ರಿಗೆ, ಎಂದಿನಂತೆ, ಬಾನುಲಿ ನಿಲಯಗಳು ಪ್ರಸಾರ ನಿಲ್ಲಿಸಿದವು. ರಾತ್ರಿಯಿಡೀ ನುಡಿಯುವ ಪದ್ಧತಿ ಆಗ ಅಲ್ಲಿರಲಿಲ್ಲ.

ಇಳಿತದ ವೇಳೆಯಲ್ಲೂ ನೀರು ಇಳಿಯದೆ ನಿಂತದ್ದನ್ನು ಕೆಲವು ಬಂದರುಗಳಲ್ಲಿ ಕಂಡವರಿದ್ದರು. ಅದಕ್ಕಿಂತ ಸ್ಪಷ್ಟವಾದ ಹವಾವರ್ತಮಾನ ಬೇರೆ ಬೇಕಿರಲಿಲ್ಲ. ಬೆಳಗಿನ ಜಾವ ಒಡ್ಡುಗಳು ಒಡೆಯತೊಡಗಿದವು. ಬಹುಪಾಲು ಕಡೆ ಕಡಲು ಒಡ್ಡನ್ನು ಎದುರಿನಿಂದ ಕೆಡವಲಿಲ್ಲ. ಮೇಲೆ ಹತ್ತಿ ದಾಟಿದ ನೀರು ಹಿಂಬದಿಯ ಇಳಿಜಾರಿನ ಮಣ್ಣನ್ನು ಕೊರೆದು, ಬೆನ್ನ ಕಡೆಯಿಂದ ಕುಸಿಯುವಂತೆ ಮಾಡಿತು. ಭಾನುವಾರ ಮಧ್ಯಾಹ್ನದ ಮೇಲೆ ಎರಡನೆಯ ಉಬ್ಬರ ಬಂದು, ಮಾಡಿನ ಮೇಲೆ ಕುಳಿತು ಮೊದಲನೆಯದರಿಂದ ಉಳಿದುಕೊಂಡಿದ್ದ ಎಷ್ಟೋ ಜನರನ್ನು ಮನೆಸಮೇತ ಎಳೆದುಕೊಂಡು ಹೋಯಿತು. ನೆದರ್ಲೆಂಡ್ಸಿನಲ್ಲಿ ಸತ್ತವರು 1,836 ಮಂದಿ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಮಂದಿ. ಅಲ್ಲಿಯ ಕಥೆ ಇನ್ನೂ ಸಂಕಟದ್ದು. ಲಿಂಕನ್‌ಶೈರಿನ ತೀರಕ್ಕೆ ನೀರು ನುಗ್ಗಿದ್ದು ಸಂಜೆ ಏಳರ ಸುಮಾರಿಗೆ. ಥೇಮ್ಸ್ ಮುಖದ ಕ್ಯಾನ್ವೆ ದ್ವೀಪವನ್ನು ಅದು ಮುಟ್ಟಿದ್ದು ಮಧ್ಯರಾತ್ರಿ ಕಳೆದ ಮೇಲೆ. ನಡುವೆ ಅಷ್ಟು ಗಂಟೆಗಳಿದ್ದರೂ ಉತ್ತರದವರು ಪಟ್ಟ ಪಾಡು ದಕ್ಷಿಣದವರ ಕಿವಿಗೆ ಬೀಳಲಿಲ್ಲ. ಕ್ಯಾನ್ವೆಯಲ್ಲಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ಅದೃಷ್ಟ ಒಂದು ಕಡೆ ಕೈಹಿಡಿಯಿತು. ನ್ಯೂವರ್ಕೆರ್ಕ್ ಎಂಬಲ್ಲಿ ಐಸೆಲ್ ಹೊಳೆಯ ಒಡ್ಡು ಬಿರಿದಾಗ, ಆರೀ ಎವೆಗ್ರೂನ್ ಎಂಬ ನಾವಿಕನು ತನ್ನ ಸರಕಿನ ದೋಣಿಯನ್ನೇ ತಂದು ಆ ಕಂಡಿಗೆ ಅಡ್ಡಲಾಗಿ ಒತ್ತಿ ನಿಲ್ಲಿಸಿದನು. ಅದರ ಹಿಂದಿನ ತಗ್ಗಿನಲ್ಲಿ ಸುಮಾರು ಮೂವತ್ತು ಲಕ್ಷ ಜನ ವಾಸವಾಗಿದ್ದರು.

ನಿಲಯಗಳು ಮೌನವಾಗಿದ್ದ ಮೇಲೆ ಮಾತನಾಡಿದ್ದೂ ರೇಡಿಯೋವೇ ಎಂಬುದು ಈ ಪತ್ರಿಕೆಯ ವಾಚಕರಿಗೆ ರುಚಿಸಬಹುದು. ಟೆಲಿಫೋನು, ತಂತಿ ಎಲ್ಲ ಕಡಿದುಹೋಗಿದ್ದ ದ್ವೀಪಗಳಲ್ಲಿ, ಹವ್ಯಾಸಕ್ಕಾಗಿ ಪ್ರೇಷಕಯಂತ್ರ ಇಟ್ಟುಕೊಂಡಿದ್ದವರು ಸುಮಾರು ಹತ್ತು ದಿನ ಹಗಲಿರುಳು ಸಂದೇಶ ಸಾಗಿಸಿದರು. ಎಷ್ಟೋ ಹಳ್ಳಿಗಳು ಬದುಕಿವೆಯೆಂಬುದು ಹೊರಗೆ ತಿಳಿದದ್ದು ಅವರಿಂದ.

ಒಡ್ಡುಗಳು ತಗ್ಗಾಗಿವೆಯೆಂದು ಯೋಹಾನ್ ವಾನ್ ವೇನ್ ಎಂಬ ಸರ್ಕಾರಿ ಇಂಜಿನಿಯರು ವರ್ಷಗಳಿಂದ ಹೇಳುತ್ತಲೇ ಇದ್ದರು. ‘ಡಾಕ್ಟರ್ ಕಸಾಂಡ್ರ’ ಎಂಬುದು ಅವರು ಇಟ್ಟುಕೊಂಡಿದ್ದ ಅಂಕಿತ. ಕಸಾಂಡ್ರಳೆಂದರೆ ಗ್ರೀಕರ ಕಥೆಯಲ್ಲಿ ಸತ್ಯವನ್ನೇ ನುಡಿದರೂ ಯಾರೂ ನಂಬದ ಹೆಣ್ಣು. ನಾವಾದರೆ ವಿದುರನ ಹೆಸರು ಹೇಳುತ್ತಿದ್ದೆವು. ಹಣಕ್ಕೆ ಬೇರೆ ದಾರಿಗಳಿದ್ದವು, ಯುದ್ಧದಿಂದ ಹಾಳಾದ ದೇಶ ಎದ್ದು ನಿಲ್ಲಬೇಕಾಗಿತ್ತು. ಕೇಳದವರನ್ನು ಸುಲಭವಾಗಿ ನಿಂದಿಸಲಾರೆ. ದುರಂತದ ತಿಂಗಳೊಳಗೇ ಡೆಲ್ಟಾ ಸಮಿತಿ ನೇಮಕವಾಯಿತು, ವಾನ್ ವೇನ್ ಅದರ ಕಾರ್ಯದರ್ಶಿ. ಕೊನೆಯ ಕಂಡಿಯನ್ನು ಔವರ್ಕೆರ್ಕ್‌ನಲ್ಲಿ ಮುಚ್ಚಿದ್ದು 1953ರ ನವೆಂಬರ್ 6ರಂದು, ಕಾಂಕ್ರೀಟಿನ ಬೃಹತ್ ಪೆಟ್ಟಿಗೆಗಳನ್ನು ಮುಳುಗಿಸಿ. ಈಸ್ಟರ್‌ಸ್ಕೆಲ್ಡೆಯ 62 ಬಾಗಿಲುಗಳ ತಡೆಗೋಡೆ 1986ರಲ್ಲಿ ಸಿದ್ಧವಾಯಿತು. ಬ್ರಿಟನ್ನಿನವರು ಕಡಲುಬ್ಬರಕ್ಕೆಂದೇ ಎಚ್ಚರಿಕೆಯ ಸೇವೆ ಆರಂಭಿಸಿ, ಲಂಡನ್ನಿನ ಕೆಳಗೆ ಥೇಮ್ಸಿಗೆ ಕಟ್ಟಿದ ಬಾಗಿಲನ್ನು 1984ರಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದರು.

ರಾಟರ್‌ಡ್ಯಾಮಿನ ಕಡಲಹಾದಿಯಲ್ಲಿ 1997ರಲ್ಲಿ ನಿಂತ ಮಾಸ್‌ಲಾಂಟ್ ಬಾಗಿಲಿನ ಕ್ರಮವೇ ಬೇರೆ. ನೀರು ಎಷ್ಟು ಏರಲಿದೆಯೆಂಬ ಮುನ್ಸೂಚನೆ ಅಲ್ಲಿ ನೇರವಾಗಿ ಗಣಕಯಂತ್ರಕ್ಕೆ ಹೋಗುತ್ತದೆ. ಗೊತ್ತಾದ ಮಟ್ಟವನ್ನು ಮೀರುವುದೆಂದು ಕಂಡರೆ ಯಂತ್ರವೇ ಬಾಗಿಲು ಹಾಕುತ್ತದೆ. 2023ರ ಡಿಸೆಂಬರ್ 21ರ ಬಿರುಗಾಳಿಯಲ್ಲಿ ಅದು ಹಾಗೆ ತಾನಾಗಿ ಮುಚ್ಚಿಕೊಂಡಿತು. ಆ ರಾತ್ರಿಯೂ ಒಡ್ಡಿನ ಹಿಂದಿನ ಜನ ಎಂದಿನಂತೆ ಮಲಗಿದ್ದರು.